ದಿನಕ್ಕೆ 300 ಪದ: ಪಿಎಚ್‌.ಡಿ. ಮಹಾಪ್ರಬಂಧ ಬರೆದು ಮುಗಿಸುವ ದಾರಿ

ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡ ಮೂರನೆಯ ವರ್ಷ ನನ್ನ ಬಳಿ ಹನ್ನೊಂದು ನೋಟ್‌ಬುಕ್‌ಗಳಿದ್ದವು, ಎರಡು ಚೀಲ ತುಂಬ ಜೆರಾಕ್ಸ್ ಪ್ರತಿಗಳಿದ್ದವು. ಮಹಾಪ್ರಬಂಧದ ಒಂದು ಪುಟವೂ ಇರಲಿಲ್ಲ. ಹಾಸನ ಜಿಲ್ಲೆಯ ಕೆರೆ ಶಾಸನಗಳು ನನ್ನ ವಿಷಯ. ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ, ಬಿಡುವು ಸಿಕ್ಕಾಗ ಓದುತ್ತಿದ್ದೆ. “ಎಲ್ಲಿಗೆ ಬಂತು?” ಎಂದು ಯಾರಾದರೂ ಕೇಳಿದರೆ “ಓದು ನಡೆಯುತ್ತಿದೆ, ಮುಗಿದ ಮೇಲೆ ಬರೆಯಲು ಕೂರುತ್ತೇನೆ” ಎನ್ನುತ್ತಿದ್ದೆ. ಆ ಉತ್ತರವನ್ನು ಪೂರ್ತಿಯಾಗಿ ನಂಬಿದ್ದೆ.

ಓದು ಮುಗಿಯುವುದಿಲ್ಲ. ಒಂದು ಶಾಸನ ಇನ್ನೊಂದರ ಕಡೆಗೆ ಕೈ ತೋರಿಸುತ್ತದೆ, ಒಂದು ಲೇಖನದ ಅಡಿಟಿಪ್ಪಣಿ ಇನ್ನು ಐದು ಲೇಖನಗಳ ಬಾಗಿಲು ತೆರೆಯುತ್ತದೆ. ನನ್ನನ್ನು ದಡ ಸೇರಿಸಿದ್ದು ಬೆಳಗಿನ ಒಂದೂವರೆ ಗಂಟೆಯ ಬರವಣಿಗೆ. ಬರೆಯತೊಡಗಿದ ಮೇಲೆ ನನಗೆ ಯಾವುದು ಗೊತ್ತಿಲ್ಲ ಎಂಬುದು ತಿಳಿಯಿತು, ಏನನ್ನು ಓದಬೇಕು ಎಂಬುದೂ ಅಲ್ಲಿಂದಲೇ ತಿಳಿಯಿತು. ಈಗ ನನ್ನ ಬಳಿಗೆ ಬರುವ ಕಿರಿಯ ಸಂಶೋಧಕರಿಗೆ ಹೇಳುವುದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಿಮ್ಮ ವಿಷಯ ಜಾನಪದವಾಗಿರಲಿ, ಅರ್ಥಶಾಸ್ತ್ರವಾಗಿರಲಿ, ಸಸ್ಯಶಾಸ್ತ್ರವಾಗಿರಲಿ, ಬರೆಯುವ ಕಷ್ಟ ಹೆಚ್ಚು ಕಡಿಮೆ ಒಂದೇ.

ಹಂತ 1: ಕೈಯಲ್ಲಿರುವ ಕಾಲವನ್ನು ಕಾಗದದ ಮೇಲೆ ಇಳಿಸಿ

ಮೊದಲು ನಿಮ್ಮ ಗಡುವು ಯಾವುದೆಂದು ಖಚಿತ ಮಾಡಿಕೊಳ್ಳಿ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯ ಪ್ರಕಾರ ಪಿಎಚ್‌.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಪ್ರವೇಶ ಪಡೆದ ದಿನದಿಂದ ಗರಿಷ್ಠ 6 ವರ್ಷ. ಮರುನೋಂದಣಿಯಾದರೆ ಹೆಚ್ಚೆಂದರೆ ಇನ್ನೆರಡು ವರ್ಷ ಸಿಗುತ್ತದೆ. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಮತ್ತೆ ಎರಡು ವರ್ಷಗಳ ಅವಕಾಶವಿದೆ. ಮಹಿಳೆಯರು ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದು. ಇದನ್ನು ಕೇಳಲು ಸಂಕೋಚ ಪಡುವ ಹೆಣ್ಣುಮಕ್ಕಳನ್ನು ಎಷ್ಟೋ ಮಂದಿ ನೋಡಿದ್ದೇನೆ. ಅದು ನಿಯಮದಲ್ಲಿರುವ ಹಕ್ಕು, ಕೇಳಿ ಪಡೆಯಿರಿ. ನೀವು ನೋಂದಾಯಿಸಿಕೊಂಡ ದಿನಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯದ ಪಿಎಚ್‌.ಡಿ. ವಿಭಾಗದಿಂದ ಲಿಖಿತವಾಗಿ ತಿಳಿದುಕೊಂಡು ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಿ.

ಆಮೇಲೆ ವಾರಗಳನ್ನು ಎಣಿಸಿ. ವರ್ಷಕ್ಕೆ 52 ವಾರ. ಪರೀಕ್ಷೆ, ಮೌಲ್ಯಮಾಪನ, ಚುನಾವಣೆ ಅಥವಾ ಗಣತಿಯ ಕೆಲಸಕ್ಕೆ ಆರು ವಾರ ಬಿಡಿ. ಗೌರಿ–ಗಣೇಶ, ದಸರಾ, ದೀಪಾವಳಿ, ನೆಂಟರ ಮನೆಯ ಮದುವೆ, ಊರ ಜಾತ್ರೆಗೆ ನಾಲ್ಕು ವಾರ. ಮಕ್ಕಳ ಜ್ವರಕ್ಕೂ ನಿಮ್ಮ ಜ್ವರಕ್ಕೂ ಎರಡು ವಾರ. ಉಳಿಯುವುದು 40. ವಾರಕ್ಕೆ ಐದು ದಿನ, ದಿನಕ್ಕೆ 300 ಪದ ಬರೆದರೆ 40 ವಾರಗಳಲ್ಲಿ 60,000 ಪದಗಳಾಗುತ್ತವೆ. ಪುಟಕ್ಕೆ 240 ಪದವೆಂದುಕೊಂಡರೆ 250 ಪುಟ. ಮಹಾಪ್ರಬಂಧವೊಂದರ ಮೊದಲ ಕರಡು ಒಂದೇ ವರ್ಷದಲ್ಲಿ, ಶನಿವಾರ ಭಾನುವಾರಗಳನ್ನು ಮುಟ್ಟದೆ ಸಿದ್ಧವಾಗುತ್ತದೆ. ಈ ಲೆಕ್ಕವನ್ನು ಮೊದಲ ಸಲ ಮಾಡಿದ ರಾತ್ರಿ ನನಗೆ ಬಂದ ಧೈರ್ಯ ಇನ್ನೂ ನೆನಪಿದೆ.

ವರ್ಷದ ಯೋಜನೆ ಮಾಡುವಾಗ ನಿಮ್ಮ ವಿಷಯದ ಸ್ವಭಾವವನ್ನೂ ಗಮನಿಸಿ. ತೂಬಿನ ಕಲ್ಲಿನ ಮೇಲಿನ ಅಕ್ಷರಗಳು ಕಾಣಬೇಕಾದರೆ ಕೆರೆಯ ನೀರು ಇಳಿದಿರಬೇಕು, ಅಂದರೆ ಬೇಸಿಗೆಯಲ್ಲೇ ಹೋಗಬೇಕು. ಬೇಸಿಗೆಯಲ್ಲೇ ನಮಗೆ ಮೌಲ್ಯಮಾಪನವೂ ಬರುತ್ತದೆ. ಇದನ್ನು ಮೊದಲೇ ಯೋಚಿಸದೆ ನಾನು ಒಂದು ಇಡೀ ಬೇಸಿಗೆಯನ್ನು ಕಳೆದುಕೊಂಡೆ. ಮಳೆಗಾಲದಲ್ಲಿ ಹೋಗಿ ನಿಂತರೆ ಎದುರಿಗೆ ತುಂಬಿದ ಕೆರೆ, ಕಲ್ಲು ನೀರಿನೊಳಗೆ. ಸುಗ್ಗಿ, ಜಾತ್ರೆ, ಶಾಲೆಯ ರಜೆ, ಪತ್ರಾಗಾರದ ಕೆಲಸದ ದಿನಗಳು ನಿಮ್ಮ ವಿಷಯಕ್ಕೆ ಹೇಗೆ ಅಡ್ಡ ಬರುತ್ತವೆ, ಹೇಗೆ ಒದಗುತ್ತವೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ.

ಹಂತ 2: ಒಂದು ಹೊತ್ತು, ಒಂದು ಜಾಗ

“ಸಮಯ ಸಿಕ್ಕಾಗ ಬರೆಯುತ್ತೇನೆ” ಎಂದುಕೊಂಡವರಿಗೆ ಸಮಯ ಸಿಗುವುದಿಲ್ಲ. ದಿನದಲ್ಲಿ ಒಂದು ಹೊತ್ತನ್ನು ಬರವಣಿಗೆಗೆಂದೇ ಮೀಸಲಿಡಿ. ನನ್ನದು ಬೆಳಗ್ಗೆ ಐದರಿಂದ ಆರೂವರೆ. ಹಾಲಿನವನು ಬರುವುದಕ್ಕೆ ಮೊದಲು, ಮನೆ ಏಳುವುದಕ್ಕೆ ಮೊದಲು. ಎಲ್ಲರೂ ಬೆಳಗ್ಗೆಯೇ ಬರೆಯಬೇಕೆಂದು ನಾನು ಹೇಳುವುದಿಲ್ಲ. ಪೂರ್ಣಾವಧಿ ಸಂಶೋಧಕರಿಗೆ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತೇ ಒಳ್ಳೆಯದಾಗಬಹುದು, ಹಾಸ್ಟೆಲಿನಲ್ಲಿರುವವರಿಗೆ ಊಟದ ನಂತರದ ರಾತ್ರಿ. ದಿನವೂ ಅದೇ ಹೊತ್ತು ಆಗಿರಬೇಕು ಮತ್ತು ಆ ಹೊತ್ತಿನಲ್ಲಿ ನಿಮ್ಮನ್ನು ಬೇರೆ ಯಾರೂ ಕೇಳುವಂತಿರಬಾರದು.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಜರ್ ಅವರ ಸಂಶೋಧನೆಯಿಂದ ನನಗೆ ಬಹಳ ಉಪಯೋಗವಾಯಿತು. “ದಿನಾ ಬರೆಯುತ್ತೇನೆ” ಎಂಬ ಸಂಕಲ್ಪಕ್ಕಿಂತ “ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ” ಎಂಬ ನಿಶ್ಚಯ ಹೆಚ್ಚು ಸಲ ನೆರವೇರುತ್ತದೆ ಎಂದು ಅವರು ತೋರಿಸಿದ್ದಾರೆ. ನನ್ನ ನಿಶ್ಚಯವನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿದ್ದೆ: “ಕಾಫಿ ಲೋಟ ಮೇಜಿನ ಮೇಲೆ ಇಟ್ಟ ಕೂಡಲೇ ನಿನ್ನೆಯ ಕೊನೆಯ ಪುಟ ತೆರೆಯುತ್ತೇನೆ.” ಇಷ್ಟೇ. ಬರೆಯುವ ಮನಸ್ಸಿದೆಯೇ ಇಲ್ಲವೇ ಎಂಬ ವಿಚಾರಣೆಗೆ ಅಲ್ಲಿ ಎಡೆಯೇ ಇರಲಿಲ್ಲ.

ಅಭ್ಯಾಸ 21 ದಿನಗಳಲ್ಲಿ ಬೇರೂರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಅದನ್ನು ನಂಬಿ ಇಪ್ಪತ್ತೆರಡನೆಯ ದಿನ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನದಲ್ಲಿ ಸಾಮಾನ್ಯವಾಗಿ 66 ದಿನ ಬೇಕಾದವು. ಕೆಲವರಿಗೆ 18 ದಿನವೇ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕಾಗುವ ಅಂದಾಜು ಬಂತು. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿಯನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಎರಡು ತಿಂಗಳು ಸಹನೆಯಿಂದ ಕೂರಿ.

ಜಾಗದ ವಿಷಯ ಸರಳ. ನನಗೆ ಬೇರೆ ಕೋಣೆ ಇರಲಿಲ್ಲ, ಊಟದ ಮೇಜೇ ಇದ್ದದ್ದು. ರಾತ್ರಿ ಮಲಗುವ ಮುಂಚೆ ಮೇಜು ಒರೆಸಿ, ಲ್ಯಾಪ್‌ಟಾಪ್, ಮರುದಿನಕ್ಕೆ ಬೇಕಾದ ಶಾಸನ ಸಂಪುಟ, ಒಂದು ಪೆನ್ಸಿಲು ಇಟ್ಟು ಮಲಗುತ್ತಿದ್ದೆ. ಮೊಬೈಲ್ ಮಲಗುವ ಕೋಣೆಯಲ್ಲೇ ಉಳಿಯುತ್ತಿತ್ತು. ಬೇರೆ ಕೋಣೆಯಲ್ಲಿಟ್ಟ ಫೋನನ್ನು ತರಲು ಎದ್ದು ಹೋಗಬೇಕು, ಅಷ್ಟರಲ್ಲಿ ಮನಸ್ಸು ತಿಳಿಯಾಗುತ್ತದೆ.

ಹಂತ 3: ದಿನದ ಅಳತೆ ಚಿಕ್ಕದಿರಲಿ

300 ಪದ ಎಂದರೆ ಒಂದೂಕಾಲು ಪುಟ. ಇದಕ್ಕಿಂತ ಹೆಚ್ಚು ಬರೆಯುವ ಉತ್ಸಾಹ ಬಂದ ದಿನವೂ ಬಹಳ ದೂರ ಓಡಬೇಡಿ. ಒಂದು ಭಾನುವಾರ ಎಂಟು ಗಂಟೆ ಕುಳಿತು ಒಂಬತ್ತು ಪುಟ ಬರೆದವರು ಮುಂದಿನ ಭಾನುವಾರದವರೆಗೆ ಕಡತ ಮುಟ್ಟುವುದಿಲ್ಲ. ಆ ವೇಳೆಗೆ ಎಲ್ಲಿ ನಿಂತಿದ್ದೆವು ಎಂಬುದೇ ಮರೆತಿರುತ್ತದೆ, ಮೊದಲ ಎರಡು ಗಂಟೆ ಹಳೆಯದನ್ನು ನೆನಪಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ದಿನವೂ ಮುಟ್ಟಿದ ವಿಷಯ ನೀವು ಬಸ್ಸಿನಲ್ಲಿ ಕುಳಿತಾಗಲೂ ತಲೆಯೊಳಗೆ ಕೆಲಸ ಮಾಡುತ್ತಿರುತ್ತದೆ. ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಎರಡನೆಯ ಅಧ್ಯಾಯದ ತೊಡಕು ಬಿಡಿಸಿಕೊಂಡಿತು.

ಕೆಟ್ಟ ದಿನಗಳಿಗೆ ಬೇರೆ ಅಳತೆ ಇಟ್ಟುಕೊಳ್ಳಿ. ಮನೆಯಲ್ಲಿ ಕಾಯಿಲೆ ಇದೆ, ರಾತ್ರಿ ನಿದ್ದೆಯಿಲ್ಲ, ಕಾಲೇಜಿಗೆ ತಪಾಸಣೆಯ ತಂಡ ಬರುತ್ತದೆ. ಅಂಥ ದಿನ ಐದು ಸಾಲು ಸಾಕು. ಐದು ಸಾಲು ಬರೆದವರು ಬರೆಯುವವರ ಸಾಲಿನಲ್ಲೇ ಉಳಿಯುತ್ತಾರೆ.

ಕೂರುವುದೇ ಕಷ್ಟವಾದರೆ ಗಡಿಯಾರದ ಸಹಾಯ ಪಡೆಯಿರಿ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಅಡುಗೆಮನೆಯ ಟೊಮೆಟೊ ಆಕಾರದ ಗಡಿಯಾರವಿಟ್ಟುಕೊಂಡು ರೂಪಿಸಿದ ಕ್ರಮ ಈಗ ಎಲ್ಲೆಡೆ ಪೊಮೊಡೊರೊ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ: 25 ನಿಮಿಷ ಕೆಲಸ, 5 ನಿಮಿಷ ವಿರಾಮ. ನನಗೆ ಬರೆಯುವಾಗ 25 ನಿಮಿಷ ತೀರ ಕಡಿಮೆ ಎನಿಸಿ 40ಕ್ಕೆ ಏರಿಸಿಕೊಂಡೆ. ಅಡಿಟಿಪ್ಪಣಿ ಸರಿಪಡಿಸುವಂಥ ಬೇಸರದ ಕೆಲಸಕ್ಕೆ ಮಾತ್ರ 25 ನಿಮಿಷವೇ ಹಿತ.

ನಿಲ್ಲಿಸುವ ರೀತಿಯಲ್ಲೂ ಒಂದು ಯುಕ್ತಿಯಿದೆ. ಗಂಟೆ ಮುಗಿದಾಗ, ಮುಂದೆ ಏನು ಬರೆಯಬೇಕೆಂಬುದು ಗೊತ್ತಿರುವಾಗಲೇ ನಿಲ್ಲಿಸಿ, ಆ ಮುಂದಿನ ಮಾತನ್ನು ಒಂದು ಸಾಲಿನಲ್ಲಿ ಗುರುತು ಹಾಕಿಡಿ. “ನಾಳೆ: ತೂಬಿನ ದುರಸ್ತಿಗೆ ಕೊಟ್ಟ ಭೂಮಿ ಯಾವ ಕಡೆಗಿತ್ತು ಎಂಬಲ್ಲಿಂದ.” ಮರುದಿನ ಬೆಳಗ್ಗೆ ಖಾಲಿ ಪುಟ ನಿಮ್ಮನ್ನು ಎದುರುಗೊಳ್ಳುವುದಿಲ್ಲ, ಅರ್ಧ ಹೇಳಿದ ಮಾತು ಎದುರುಗೊಳ್ಳುತ್ತದೆ.

ಹಂತ 4: ಕರಡು ಕರಡಾಗಿಯೇ ಇರಲಿ

ಬರೆಯುವುದು ಮತ್ತು ತಿದ್ದುವುದು ಬೇರೆ ಬೇರೆ ಕೆಲಸಗಳು. ಒಂದೇ ಹೊತ್ತಿನಲ್ಲಿ ಎರಡನ್ನೂ ಮಾಡಲು ಹೋದವರು ಮೊದಲ ಪ್ಯಾರಾದಲ್ಲೇ ತಿಂಗಳು ಕಳೆಯುತ್ತಾರೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಹಾಪ್ರಬಂಧಕ್ಕೆ ಗಂಭೀರವಾದ, ಸಂಸ್ಕೃತಪದಗಳಿಂದ ಬಿಗಿದ ಭಾಷೆ ಬೇಕು ಎಂಬ ಭಯ. ಮೊದಲ ದಿನದಿಂದ ಆ ಭಾಷೆಯಲ್ಲಿ ಯೋಚಿಸಲು ಹೋದರೆ ಕೈ ಓಡುವುದಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಹೇಳುವಂತೆ ಮೊದಲು ಬರೆಯಿರಿ.

ನನ್ನ ಕರಡಿನ ಒಂದು ತುಣುಕು ಹೀಗಿತ್ತು: “ಈ ಶಾಸನದಲ್ಲಿ ಕೆರೆ ಕಟ್ಟಿಸಿದವನಿಗೆ ಗದ್ದೆ ಕೊಟ್ಟ ಮಾತಿದೆ. ಅದನ್ನು ಬಿತ್ತುವಟ್ಟ ಎಂದಿದ್ದಾರೆ. ಇನ್ನೊಂದು ಕಡೆ ಕಟ್ಟುಕೊಡಗೆ ಎಂದಿದೆ. ಎರಡೂ ಒಂದೆಯೋ? ಕಾಲದ ವ್ಯತ್ಯಾಸವೋ, ಸೀಮೆಯ ವ್ಯತ್ಯಾಸವೋ? * ಪಕ್ಕದ ಊರಿನದನ್ನು ನೋಡಬೇಕು.” ಚಂದದ ಗದ್ಯ ಇದಲ್ಲ. ಆದರೆ ಈ ನಾಲ್ಕಾರು ಸಾಲಿನಿಂದ ನನಗೆ ಒಂದು ಪ್ರಶ್ನೆ ಸಿಕ್ಕಿತು, ಆ ಪ್ರಶ್ನೆಯಿಂದ ಒಂದು ಕೋಷ್ಟಕ ಹುಟ್ಟಿತು: ಯಾವ ಶಾಸನ, ಯಾವ ಕಾಲ, ಯಾವ ಊರು, ಯಾವ ಪದ, ಕೊಟ್ಟದ್ದು ಕಟ್ಟಿಸಿದ್ದಕ್ಕೋ ಕಾಪಾಡುವುದಕ್ಕೋ. ಆ ಕೋಷ್ಟಕ ಕೊನೆಗೆ ಇಡೀ ಮೂರನೆಯ ಅಧ್ಯಾಯವಾಯಿತು. ಮೂರು ವರ್ಷ ಇದೇ ಶಾಸನಗಳನ್ನು ಓದಿದ್ದೆ, ಪ್ರಶ್ನೆ ಮಾತ್ರ ಹೊಳೆದಿರಲಿಲ್ಲ.

ಅಲ್ಲಿರುವ ನಕ್ಷತ್ರದ ಗುರುತನ್ನು ಗಮನಿಸಿ. ಬರೆಯುವಾಗ ಶಾಸನದ ಸಂಖ್ಯೆ, ಇಸವಿ, ಪುಟಸಂಖ್ಯೆ ಕೂಡಲೇ ಸಿಗದಿದ್ದರೆ ಎದ್ದು ಹೋಗಿ ಹುಡುಕಬೇಡಿ. ಆ ಗುರುತು ಹಾಕಿ ಮುಂದೆ ಸಾಗಿ. ಸಂಜೆಯ ದಣಿದ ಹೊತ್ತಿನಲ್ಲಿ ಕಡತದಲ್ಲಿ ಆ ಗುರುತನ್ನು ಹುಡುಕಿ ಒಂದೊಂದಾಗಿ ತುಂಬಿಸಬಹುದು. ಬೆಳಗಿನ ಚುರುಕು ಬುದ್ಧಿ ಯೋಚನೆಗೆ, ಸಂಜೆಯ ದಣಿದ ಬುದ್ಧಿ ಹುಡುಕಾಟಕ್ಕೆ.

ಅಧ್ಯಾಯಗಳನ್ನು ಕ್ರಮವಾಗಿಯೇ ಬರೆಯಬೇಕೆಂದಿಲ್ಲ. ನಿಮಗೆ ಹೆಚ್ಚು ಹಿಡಿತವಿರುವ ಅಧ್ಯಾಯದಿಂದ ಆರಂಭಿಸಿ. ಪ್ರಸ್ತಾವನೆಯನ್ನು ಕೊನೆಗೆ ಬರೆಯಿರಿ. ಮನೆ ಕಟ್ಟಿ ಮುಗಿಯುವ ಮುಂಚೆ ಬಂದವರಿಗೆ ಮನೆ ತೋರಿಸಲಾಗುವುದಿಲ್ಲ.

ಹಂತ 5: ಟಿಪ್ಪಣಿಯ ಶಿಸ್ತು

ಈ ಹಂತದಲ್ಲಿ ಮಾಡಿದ ತಪ್ಪು ಕೊನೆಯ ಆರು ತಿಂಗಳಲ್ಲಿ ಬಡ್ಡಿ ಸಮೇತ ಎದುರಾಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಏನನ್ನೇ ಓದಿದರೂ ಆ ದಿನವೇ ಮೂರು ವಿಷಯ ಬರೆದಿಡಿ: ಲೇಖಕರು ಏನು ವಾದಿಸುತ್ತಾರೆ, ಯಾವ ಆಧಾರದಿಂದ, ನನ್ನ ಯಾವ ಅಧ್ಯಾಯಕ್ಕೆ ಇದು ಬೇಕು. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಆ ಪುಸ್ತಕವನ್ನು ಮರಳಿಸಿ. ಲೇಖಕರ ಮಾತನ್ನು ಹಾಗೆಯೇ ಇಳಿಸಿಕೊಂಡರೆ ನೋಟ್‌ಬುಕ್ಕಿನಲ್ಲೇ ಉದ್ಧರಣ ಚಿಹ್ನೆ ಹಾಕಿ, ಪುಟಸಂಖ್ಯೆ ಬರೆಯಿರಿ. ಎರಡು ವರ್ಷ ಕಳೆದ ಮೇಲೆ ಆ ಸಾಲು ನಿಮ್ಮದೋ ಅವರದೋ ನಿಮಗೇ ತಿಳಿಯುವುದಿಲ್ಲ. ಕೃತಿಚೌರ್ಯದ ತೊಂದರೆಗೆ ಸಿಕ್ಕಿಕೊಂಡ ಪ್ರಾಮಾಣಿಕರನ್ನು ನಾನು ಬಲ್ಲೆ. ಅವರು ಕದ್ದಿರಲಿಲ್ಲ, ಗುರುತು ಹಾಕಿರಲಿಲ್ಲ. ಆಯೋಗದ 2018ರ ನಿಯಮದಂತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ 10ರಿಂದ 40ರವರೆಗಿದ್ದರೆ ಗರಿಷ್ಠ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಆಧಾರ ಕೊಟ್ಟ ಉದ್ಧರಣೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಆಕರದ ಪೂರ್ತಿ ವಿವರವನ್ನು ಮೊದಲ ಸಲವೇ ಬರೆದುಕೊಳ್ಳಿ. ನಮ್ಮ ಕ್ಷೇತ್ರದ ಉದಾಹರಣೆ ಕೊಡುತ್ತೇನೆ. ಬಿ.ಎಲ್. ರೈಸ್ ಅವರ ಕಾಲದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲೂ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳಲ್ಲೂ ಸಂಪುಟದ ಸಂಖ್ಯೆ ಬೇರೆ, ಶಾಸನದ ಸಂಖ್ಯೆಯೂ ಬೇರೆಯಾಗಿರಬಹುದು. ನನ್ನ ಮೊದಲ ಐದು ನೋಟ್‌ಬುಕ್‌ಗಳಲ್ಲಿ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆ ಮಾತ್ರ ಇತ್ತು, ಯಾವ ಆವೃತ್ತಿ ಎಂದು ಬರೆದಿರಲಿಲ್ಲ. ಅವುಗಳನ್ನೆಲ್ಲ ಮತ್ತೆ ತಾಳೆ ನೋಡಲು ಒಂದು ದಸರಾ ರಜೆ ಪೂರ್ತಿ ಹೋಯಿತು. ನಿಮ್ಮ ಕ್ಷೇತ್ರದಲ್ಲೂ ಇಂಥ ಜಾಗಗಳಿರುತ್ತವೆ: ಪತ್ರಾಗಾರದ ಕಡತದ ಸಂಖ್ಯೆ, ಹಸ್ತಪ್ರತಿಯ ಸಂಖ್ಯೆ, ವರದಿಯ ವರ್ಷ. ಹಿರಿಯರೊಬ್ಬರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಗ್ರಂಥಋಣದ ಪಟ್ಟಿಗೆ ಜೋಟೆರೊ ಎಂಬ ಉಚಿತ ತಂತ್ರಾಂಶ ಸಾಕು. ಕನ್ನಡದ ಹೆಸರುಗಳನ್ನೂ ಅದರಲ್ಲಿ ತುಂಬಬಹುದು. ಪುಸ್ತಕ ಕೈಗೆ ಬಂದ ದಿನವೇ ತುಂಬಿ, ಕೊನೆಗೆಂದು ಕೂಡಿಡಬೇಡಿ. ನಿಮ್ಮ ವಿಷಯದ ಮೇಲೆ ಬೇರೆಯವರು ಮಾಡಿದ ಮಹಾಪ್ರಬಂಧಗಳನ್ನು ಶೋಧಗಂಗಾ ಜಾಲತಾಣದಲ್ಲಿ ಹುಡುಕಿ ಓದಿ. ಒಳ್ಳೆಯವು ದಾರಿ ತೋರುತ್ತವೆ. ಸಾಧಾರಣವಾದವುಗಳಿಂದ, ಮಹಾಪ್ರಬಂಧವೂ ಮನುಷ್ಯರು ಬರೆದು ಮುಗಿಸುವ ವಸ್ತು ಎಂಬ ಧೈರ್ಯ ಬರುತ್ತದೆ.

ಕ್ಷೇತ್ರಕಾರ್ಯದ ಟಿಪ್ಪಣಿಯನ್ನು ಅದೇ ರಾತ್ರಿ ಬರೆಯಿರಿ. ಮಾತಾಡಿದ ಹಿರಿಯರ ಧ್ವನಿ ಮೊಬೈಲಿನಲ್ಲಿ ದಾಖಲಾಗಿರುತ್ತದೆ ನಿಜ. ಆದರೆ ಕೋಡಿಯ ಕಡೆಗೆ ಕೈ ತೋರಿಸಿ ಅವರು “ಇಲ್ಲಿಂದ ಅಲ್ಲಿಗೆ” ಎಂದದ್ದರ ಅರ್ಥ ಮರುವಾರ ಆ ಧ್ವನಿಯಲ್ಲಿ ಸಿಗುವುದಿಲ್ಲ.

ಹಂತ 6: ನಿಮ್ಮ ಕೈಯಿಂದಲೇ, ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ

ಕನ್ನಡದಲ್ಲಿ ಮಹಾಪ್ರಬಂಧ ಬರೆಯುವ ಅನೇಕರು ಕೈಬರಹದ ಪುಟಗಳನ್ನು ಡಿಟಿಪಿ ಅಂಗಡಿಗೆ ಕೊಡುತ್ತಾರೆ. ಒಂದು ಅಧ್ಯಾಯ ಕೊಟ್ಟು ಬಂದ ಮೇಲೆ ಮೂರು ವಾರ ಕಾಯಬೇಕು. ಬಂದ ಪ್ರತಿಯಲ್ಲಿ ತಪ್ಪುಗಳು, ತಿದ್ದಿಸಲು ಮತ್ತೆ ಸಾಲು. ಒಂದು ಪ್ಯಾರಾವನ್ನು ಮೇಲಿಂದ ಕೆಳಗೆ ಒಯ್ಯಬೇಕೆಂದರೂ ಇನ್ನೊಬ್ಬರನ್ನು ಕೇಳಬೇಕು. ದಿನದ ಬರವಣಿಗೆಯ ಅಭ್ಯಾಸ ಇದರಿಂದಲೇ ಮುರಿಯುತ್ತದೆ. ಕನ್ನಡ ಬೆರಳಚ್ಚು ಕಲಿಯಲು ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಸಾಕು. ಕೈಯಲ್ಲಿ ಬರೆದರೇ ಯೋಚನೆ ಬರುತ್ತದೆ ಎನ್ನುವವರು ಬೆಳಗ್ಗೆ ಕೈಯಲ್ಲಿ ಬರೆದದ್ದನ್ನು ಸಂಜೆ ತಾವೇ ಬೆರಳಚ್ಚು ಮಾಡಲಿ. ಅದೇ ಮೊದಲ ತಿದ್ದುಪಡಿಯೂ ಆಗುತ್ತದೆ.

ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಮಾಡಿದ ಕಡತಗಳಲ್ಲಿ ಪದ ಹುಡುಕುವುದು ಕಷ್ಟ, ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಕೆಡುತ್ತವೆ. ಮೊದಲ ದಿನದಿಂದ ಯೂನಿಕೋಡ್ ಬಳಸಿ. ವಿಶ್ವವಿದ್ಯಾಲಯ ಕೊನೆಗೆ ಬೇರೆ ಅಕ್ಷರಶೈಲಿ ಕೇಳಿದರೆ ಆಗ ನೋಡಿಕೊಳ್ಳಬಹುದು. ಕಡತದ ಹೆಸರಿನಲ್ಲಿ ದಿನಾಂಕ ಇರಲಿ. ಮೂರು ಪ್ರತಿಗಳು ಮೂರು ಕಡೆ ಇರಲಿ: ಲ್ಯಾಪ್‌ಟಾಪಿನಲ್ಲಿ, ಪೆನ್‌ಡ್ರೈವಿನಲ್ಲಿ, ನಿಮ್ಮದೇ ಇಮೇಲಿನಲ್ಲಿ. ಶುಕ್ರವಾರ ಸಂಜೆ ಇಷ್ಟು ಮಾಡಿಯೇ ಏಳುವ ರೂಢಿ ಇಟ್ಟುಕೊಳ್ಳಿ.

ಹಂತ 7: ಮಾರ್ಗದರ್ಶಕರ ಜೊತೆ ಒಂದು ಲಯ

ಬರೆದದ್ದನ್ನು ನೋಡುವವರು ಇದ್ದಾರೆ ಎಂಬ ಅರಿವೇ ಅರ್ಧ ಶಿಸ್ತು. ತಿಂಗಳಿಗೊಮ್ಮೆ ಮಾರ್ಗದರ್ಶಕರನ್ನು ಕಾಣುವ ದಿನ ನಿಗದಿ ಮಾಡಿಕೊಳ್ಳಿ, ಮೊದಲನೆಯ ಶನಿವಾರ ಎಂದಾದರೂ ಸರಿ. ಬರಿಗೈಯಲ್ಲಿ ಹೋಗಬೇಡಿ. ನಾಚಿಕೆಯಿಂದ ಹೋಗದೆಯೂ ಇರಬೇಡಿ. ಏನೂ ಬರೆದಿಲ್ಲವೆಂದು ಆರು ತಿಂಗಳು ತಲೆಮರೆಸಿಕೊಂಡವರು ಮತ್ತೆ ಮುಖ ತೋರಿಸಲು ಇನ್ನೂ ಆರು ತಿಂಗಳು ಕಳೆಯುತ್ತಾರೆ.

ನನ್ನ ಒಂದು ಅಧ್ಯಾಯ ಮಾರ್ಗದರ್ಶಕರ ಮೇಜಿನ ಮೇಲೆ ನಾಲ್ಕು ತಿಂಗಳು ಉಳಿಯಿತು. ಬಹಳ ನೊಂದುಕೊಂಡೆ. ಆಮೇಲೆ ತಿಳಿಯಿತು, 60 ಪುಟಗಳ ಕಟ್ಟನ್ನು “ನೋಡಿ ಹೇಳಿ ಸರ್” ಎಂದು ಕೊಟ್ಟರೆ ಯಾರಿಗಾದರೂ ಅದನ್ನು ಕೈಗೆತ್ತಿಕೊಳ್ಳಲು ಅಂಜಿಕೆಯಾಗುತ್ತದೆ. ಅಂದಿನಿಂದ ಹತ್ತು ಹನ್ನೆರಡು ಪುಟಗಳನ್ನು ಭೇಟಿಗೆ ಒಂದು ವಾರ ಮುಂಚೆ ಕಳುಹಿಸಿ, ಜೊತೆಗೆ ಹೀಗೆ ಬರೆಯುತ್ತಿದ್ದೆ: “ನಮಸ್ಕಾರ ಸರ್. ಮೂರನೆಯ ಅಧ್ಯಾಯದ 12 ಪುಟಗಳನ್ನು ಕಳುಹಿಸಿದ್ದೇನೆ. ಬಿತ್ತುವಟ್ಟ ಮತ್ತು ಕಟ್ಟುಕೊಡಗೆಗಳನ್ನು ನಾನು ವಿಂಗಡಿಸಿದ ರೀತಿ ಸರಿಯೇ ಎಂಬುದೊಂದನ್ನು ದಯವಿಟ್ಟು ನೋಡಬೇಕು. ಶನಿವಾರ ಹನ್ನೊಂದಕ್ಕೆ ಬರಬಹುದೇ?” ಒಂದೇ ಪ್ರಶ್ನೆ, ಒಂದೇ ದಿನ. ಉತ್ತರ ಬರತೊಡಗಿತು. ಭೇಟಿಯಾದ ಸಂಜೆಯೇ, ಅವರು ಹೇಳಿದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಅವರಿಗೇ ಕಳುಹಿಸಿ. ಮುಂದಿನ ಸಲ “ಹಾಗೆ ಹೇಳಿದ್ದೆನೇ?” ಎಂಬ ಗೊಂದಲ ಇರುವುದಿಲ್ಲ.

ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರಿನಲ್ಲಿ ಪ್ರಗತಿ ಮಂಡಿಸಬೇಕೆಂದು ನಿಯಮವಿದೆ. ಅನೇಕರು ಅದನ್ನು ಸಹಿ ಹಾಕಿಸುವ ಕೆಲಸ ಎಂದುಕೊಳ್ಳುತ್ತಾರೆ. ನೀವು ಅದನ್ನು ಗಡುವನ್ನಾಗಿ ಬಳಸಿಕೊಳ್ಳಿ: ಪ್ರತಿ ಸಭೆಗೆ ಒಂದು ಅಧ್ಯಾಯದ ಕರಡು.

ಜೊತೆಗೆ ಒಬ್ಬ ಸಹಸಂಶೋಧಕರನ್ನು ಹುಡುಕಿಕೊಳ್ಳಿ. ವಿಷಯ ಬೇರೆಯಾದರೂ ಅಡ್ಡಿಯಿಲ್ಲ. ನಾನು ಮತ್ತು ಸಮಾಜಶಾಸ್ತ್ರದ ಗೆಳತಿಯೊಬ್ಬಳು ಬೆಳಗ್ಗೆ ಆರೂವರೆಗೆ ಒಬ್ಬರಿಗೊಬ್ಬರು ಆ ದಿನದ ಪದಗಳ ಸಂಖ್ಯೆಯನ್ನು ಮಾತ್ರ ಕಳುಹಿಸುತ್ತಿದ್ದೆವು. “310.” “ಇವತ್ತು 60 ಅಷ್ಟೇ ಅಕ್ಕಾ, ಮಗುವಿಗೆ ಹುಷಾರಿಲ್ಲ.” ಎರಡು ವರ್ಷ ನಡೆದ ಆ ಸಂದೇಶಗಳನ್ನು ಇನ್ನೂ ಅಳಿಸಿಲ್ಲ.

ಹಂತ 8: ಮನೆಯವರಿಗೆ ಹೇಳಿ

“ಓದಿಕೊಳ್ಳುತ್ತಿದ್ದೇನೆ” ಎಂದರೆ ಮನೆಯವರಿಗೆ ಅರ್ಥವಾಗುವುದಿಲ್ಲ, ಅದು ಅವರ ತಪ್ಪಲ್ಲ. ಎಷ್ಟು ಹೊತ್ತು, ಎಷ್ಟು ತಿಂಗಳು, ಆಮೇಲೆ ಏನು ಎಂಬುದನ್ನು ಬಿಡಿಸಿ ಹೇಳಿ. ನಮ್ಮ ಅತ್ತೆಯವರಿಗೆ “ಅತ್ತೆ, ಬೆಳಗ್ಗೆ ಆರೂವರೆಯವರೆಗೆ ನಾನು ಮನೆಯಲ್ಲಿ ಇಲ್ಲವೆಂದೇ ತಿಳಿದುಕೊಳ್ಳಿ, ಆರೂವರೆಗೆ ಒಲೆ ಹಚ್ಚುತ್ತೇನೆ” ಎಂದು ಹೇಳಿದ್ದೆ. ಎರಡನೆಯ ತಿಂಗಳಿನಿಂದ ಹಾಲಿನವನಿಗೆ ಬಾಗಿಲು ತೆರೆಯಲು ಅವರೇ ಎದ್ದು ಬರತೊಡಗಿದರು, ಬೆಲ್ ಸದ್ದಾಗದಂತೆ. ಸಂಶೋಧನೆ ಮಾಡುವ ಗಂಡಸರಿಗೆ ಒಂದು ಮಾತು: ಮನೆಯಲ್ಲಿ ನಿಮಗೆ ಸಿಗುವ ಮೌನ ಇನ್ನೊಬ್ಬರ ದುಡಿಮೆಯಿಂದ ಬಂದದ್ದು. ನಿಮ್ಮ ಗಂಟೆ ಮುಗಿದ ಮೇಲೆ ಅವರಿಗೂ ಒಂದು ಗಂಟೆ ಬಿಡುವು ಮಾಡಿಕೊಡಿ.

ಹಂತ 9: ತಪ್ಪಿದ ಮೇಲೆ ಮರಳುವ ಬಗೆ

ತಪ್ಪುತ್ತದೆ. ನನಗೆ ಒಮ್ಮೆ ಏಳು ವಾರ ತಪ್ಪಿತು, ತಂದೆಯವರು ಆಸ್ಪತ್ರೆಯಲ್ಲಿದ್ದರು. ಮರಳಿ ಬಂದಾಗ ಕಳೆದ ವಾರಗಳ ಬಾಕಿ ತೀರಿಸಲು ದಿನಕ್ಕೆ 600 ಪದ ಎಂದುಕೊಂಡೆ. ಮೂರೇ ದಿನದಲ್ಲಿ ಸೋತೆ. ಬಾಕಿಯನ್ನು ಮನ್ನಾ ಮಾಡಿಬಿಡಿ. ಮರಳಿದ ಮೊದಲ ದಿನ ಹಿಂದೆ ಬರೆದ ಕೊನೆಯ ಎರಡು ಪುಟ ಓದಿ ಐದು ಸಾಲು ಬರೆಯಿರಿ. ಎರಡನೆಯ ದಿನ ಹತ್ತು ಸಾಲು. ಒಂದು ವಾರದಲ್ಲಿ ಹಳೆಯ ಅಳತೆಗೆ ಬರುತ್ತೀರಿ. ಗಡುವಿನ ಕ್ಯಾಲೆಂಡರನ್ನು ಹೊಸದಾಗಿ ಬರೆಯಿರಿ.

ಕೆಲವೊಮ್ಮೆ ಇದು ಸೋಮಾರಿತನವಾಗಿರುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಕಡತ ತೆರೆಯುವಾಗ ಎದೆ ಹೊಡೆದುಕೊಂಡರೆ, ಬದುಕೇ ಬೇಡವೆನಿಸಿದರೆ, ದಿನಚರಿ ತಿದ್ದುವುದರಿಂದ ಅದು ಸರಿಯಾಗುವುದಿಲ್ಲ. ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಯಾವ ಪದವಿಯೂ ನಿಮಗಿಂತ ದೊಡ್ಡದಲ್ಲ.

ಹಂತ 10: ಕೊನೆಯ ಆರು ತಿಂಗಳು

ಕರಡು ಪೂರ್ತಿಯಾದ ಮೇಲೆ ಎರಡು ವಾರ ಅದನ್ನು ಮುಟ್ಟಬೇಡಿ. ಆಮೇಲೆ ಮುದ್ರಿಸಿ, ಮೂರು ಸುತ್ತು ಓದಿ. ಮೊದಲ ಸುತ್ತಿನಲ್ಲಿ ವಾದವನ್ನು ಮಾತ್ರ ನೋಡಿ: ಪ್ರತಿ ಪ್ಯಾರಾದ ಪಕ್ಕದಲ್ಲಿ ಅದು ಏನು ಹೇಳುತ್ತದೆ ಎಂದು ಐದಾರು ಪದಗಳಲ್ಲಿ ಬರೆಯಿರಿ, ಬರೆಯಲಾಗದ ಪ್ಯಾರಾ ಬೇಕಿಲ್ಲ. ಎರಡನೆಯ ಸುತ್ತಿನಲ್ಲಿ ಆಧಾರಗಳು. ಮೂರನೆಯದರಲ್ಲಿ ಭಾಷೆ, ಅದೂ ಗಟ್ಟಿಯಾಗಿ ಓದುತ್ತ. ಕಣ್ಣು ದಾಟಿ ಹೋಗುವ ತಪ್ಪಿನ ಮೇಲೆ ನಾಲಿಗೆ ಎಡವುತ್ತದೆ. ಈ ಕೆಲಸಕ್ಕೂ ಬೆಳಗಿನ ಅದೇ ಒಂದೂವರೆ ಗಂಟೆ, ದಿನಕ್ಕೆ ಆರು ಪುಟ.

ಸಲ್ಲಿಸುವ ಶುಲ್ಕ, ಕೃತಿಚೌರ್ಯ ತಪಾಸಣೆಯ ಪ್ರಮಾಣಪತ್ರ, ಬೈಂಡಿಂಗ್, ಸಹಿಗಳು ಎಲ್ಲ ಸೇರಿ ಒಂದು ತಿಂಗಳು ತಿನ್ನುತ್ತವೆ. ಅವುಗಳ ಪಟ್ಟಿಯನ್ನು ವಿಭಾಗದ ಕಚೇರಿಯಿಂದ ಮೊದಲೇ ಪಡೆದುಕೊಳ್ಳಿ.

ಮಹಾಪ್ರಬಂಧ ಸಲ್ಲಿಸಿದ ಮರುದಿನ ನಾನು ಅಭ್ಯಾಸಬಲದಿಂದ ಐದಕ್ಕೇ ಎದ್ದೆ. ಮೌಖಿಕ ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು. ಒಂದು ಹೊಸ ನೋಟ್‌ಬುಕ್ ತೆಗೆದು, ಪರೀಕ್ಷಕರು ಕೇಳಬಹುದಾದ ಪ್ರಶ್ನೆಯೊಂದನ್ನು ಪುಟದ ಮೇಲ್ಭಾಗದಲ್ಲಿ ಬರೆದು, ಕೆಳಗೆ ಉತ್ತರ ಬರೆಯತೊಡಗಿದೆ. ದಿನಕ್ಕೊಂದು ಪ್ರಶ್ನೆ. ನೀವೂ ಹಾಗೆ ಮಾಡಿ. ನಿಮ್ಮ ಮಹಾಪ್ರಬಂಧದ ಯಾವ ಮಾತು ದುರ್ಬಲವಾಗಿದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತಿರುತ್ತದೆ, ಮೊದಲ ಪುಟವನ್ನು ಅದಕ್ಕೇ ಬಿಡಿ.